ಬಿಡಬಾರದ ಗಾಡಿ

ನಾನು ಮೊದಲ ಸಲ ಬಿಟ್ಟು ಹೋದದ್ದು ತೊಂಬತ್ತೇಳನೇ ಇಸವಿಯ ಒಂದು ಸೋಮವಾರ. ಆಗ ಏಳನೇ ಕ್ಲಾಸು. ಬೆಳಿಗ್ಗೆ ಹೊರಡುವಾಗ ಅಮ್ಮ, "ಶಾಲಿ ಬಿಟ್ಟ ಕೂಡ್ಲೆ ಮನಿಗ್ ಬಾ" ಅಂದಿದ್ದಳು. ನಾನು ಹತ್ತೂವರೆಗೆ ಬಿಟ್ಟೆ, ಹನ್ನೊಂದಕ್ಕೆ ಮನೆಯಲ್ಲಿದ್ದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಮುಂಬೈಯಲ್ಲಿ ಕ್ಯಾಂಟೀನು ಬಿಟ್ಟೆ, ಗೋವಾದಲ್ಲಿ ದೋಣಿ ಬಿಟ್ಟೆ, ಹುಬ್ಬಳ್ಳಿಯಲ್ಲಿ ಲಾರಿ ಕ್ಲೀನರ್ ಕೆಲಸ ಬಿಟ್ಟೆ. ಎಲ್ಲಿ ಹೋದರೂ ಇಂಥದೇ ಏನಾದರೊಂದು ನನಗೆ ಆಗುತ್ತಲೇ ಇರುತ್ತದೆ. ಆದರೆ ಊರಿನಲ್ಲೇ, ಒಂದೇ ಗಾಡಿಯಿಂದ ಒಂದು ವರ್ಷದಲ್ಲಿ ಆದಷ್ಟು ಬೇರೆಲ್ಲೂ ಆಗಿಲ್ಲ.

ಗುಲ್ವಾಡಿ ಕಡೆಯ ಧಣಿಯೊಬ್ಬರು ಮುಂಬೈಯ ಹೋಟೆಲು ಮಗನಿಗೆ ವಹಿಸಿ ಊರಿಗೆ ಬಂದಿದ್ದರು. ಬರುವಾಗ ಒಂದು ಗಾಡಿ ತಂದಿದ್ದರು. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲು, ಕುದುರೆಯ ಮೇಲೆ ಕೂತ ಹಾಗೆ ಕಾಲು ಆಚೀಚೆ ಹಾಕಿ ಕೂರಬೇಕು. ಹೊಯ್ಗೆ ಮರಳಿನ ಮೇಲೂ ಓಡುತ್ತದೆ, ಗುಡ್ಡದ ಮೇಲೂ ಓಡುತ್ತದೆ. ಹೆಸರು ಏಟೀವಿ. ನಾವುಂದದಿಂದ ಸ್ವಲ್ಪ ಆಚೆ ಕಡಲ ಕರೆಯ ದಡದಲ್ಲಿ ಪ್ರವಾಸಿಗಳನ್ನು ಕೂರಿಸಿ ಸುತ್ತಿಸುವುದು ಅವರ ಅಂದಾಜು.

"ಬಿಡುಕ್ ಬತ್ತಾ?" ಎಂದು ಕೇಳಿದರು.

"ಧಣಿ, ಬಿಡುದ್ ಒಂದೇ ನಂಗ್ ಬಪ್ಪುದ್" ಎಂದೆ.

ಅವರು ಕೇಳಿದ್ದು ಗಾಡಿ ಬಿಡುವುದು. ನಾನು ಹೇಳಿದ್ದು ಕೆಲಸ ಬಿಡುವುದು. ಅಲ್ಲಿಗೆ ಕೆಲಸ ಸಿಕ್ಕಿತು.

೧. ಟೀವಿ

ಪಂಚಾಯ್ತಿಯಲ್ಲಿ ಒಂದು ಪರವಾನಗಿ ಇರಲಿ ಎಂದು ಧಣಿ ಹೋದರು. ಗುಮಾಸ್ತರಿಗೆ ಕಿವಿ ಸ್ವಲ್ಪ ಮಂದ.

"ಕಡಲ್ ಕರಿಯಗೆ ಏಟೀವಿ ಇಡುವ ಅಂತ್ ಇದ್ದೆ. ನಾಕ್ ಜನ ಬಪ್ಪವ್ರಿಗೆ" ಎಂದರು ಧಣಿ.

"ಟೀವಿ ಇಡುಕೆ ಎಂತ ಅಡ್ಡಿ ಇಲ್ಲೆ. ಸೌಂಡ್ ಮಾತ್ರ ಸಣ್ಣ ಇಡಿ" ಎಂದರು ಗುಮಾಸ್ತರು.

ಇಂಜಿನ್ನಿನ ಶಬ್ದದ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು ಧಣಿ ಒಪ್ಪಿದರು. ಪರವಾನಗಿ ಕೈಗೆ ಬಂತು. 'ಸಾರ್ವಜನಿಕರ ವೀಕ್ಷಣೆಗಾಗಿ ಟಿ.ವಿ., ಒಂದು' ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಮೊಹರು.

ಸುದ್ದಿ ಪಂಚಾಯ್ತಿಯಿಂದಲೇ ಊರಿಗೆ ಹಬ್ಬಿತು. ಮೊದಲ ಭಾನುವಾರ ಬೈಸಾರಿ, ಹೊತ್ತು ಇಳಿಯುವಾಗ, ನಾನು ಗಾಡಿ ಒರೆಸುತ್ತ ನಿಂತಿದ್ದೆ. ಹತ್ತಿಪ್ಪತ್ತು ಜನ ಚಾಪೆ ಕಂಕುಳಲ್ಲಿ ಹಿಡಿದುಕೊಂಡು ಬಂದರು. ಅಂದು ಕ್ರಿಕೆಟ್ ಮ್ಯಾಚು ಇತ್ತಂತೆ.

"ಹ್ವಾಯ್, ಟೀವಿ ಎಲ್ಲಿತ್ತ್?" ಎಂದು ಮುಂದಿದ್ದ ಅಜ್ಜ ಕೇಳಿದ.

ನಾನು ಗಾಡಿ ತೋರಿಸಿದೆ. ಅಜ್ಜ ಸುತ್ತ ಒಂದು ಪ್ರದಕ್ಷಿಣೆ ಬಂದ. ಹೆಡ್‌ಲೈಟಿನ ಎದುರು ಕುಕ್ಕರಗಾಲಲ್ಲಿ ಕೂತು, ಕಣ್ಣು ಹತ್ತಿರ ತಂದು ನೋಡಿದ. ಆಮೇಲೆ ಚಾಪೆ ಸುತ್ತಿಕೊಂಡು ಎದ್ದ.

"ಇಷ್ಟ್ ಸಣ್ಣದ್ರಗೆ ಚೆಂಡ್ ಕಾಂತಾ ಮಾರಾಯ?"

೨. ಡಾಮರು ದಾಟುವುದು

ಧಣಿಯ ಶೆಡ್ಡು ಹೆದ್ದಾರಿಯ ಮೂಡು ದಿಕ್ಕಿಗೆ. ಕಡಲು ಪಡು ದಿಕ್ಕಿಗೆ. ನಡುವೆ ಡಾಮರು. ನಾನು ದಿನಾ ಗಾಡಿ ಚಾಲೂ ಮಾಡಿ ಎರಡು ನಿಮಿಷದಲ್ಲಿ ದಾಟಿಸುತ್ತಿದ್ದೆ.

ಒಂದು ದಿನ, ಗಾಡಿಗಳ ನಂಬರು ನೋಡುವ ಇಲಾಖೆಯವರು ಎಳನೀರಿನ ಬೊಂಡ ಕುಡಿಯಲು ಅಲ್ಲೇ ಜೀಪು ನಿಲ್ಲಿಸಿದ್ದರು. ನನ್ನನ್ನು ಕರೆದರು.

"ಇದರ ನಂಬರ್ ಎಲ್ಲಿ?"

"ನಂಬರಿಲ್ಲೆ ಸಾರ್."

"ಇರುವುದೂ ಇಲ್ಲ. ಇದು ರಸ್ತೆಗೆ ಮಾಡಿದ ವಾಹನವೇ ಅಲ್ಲ. ಡಾಮರಿನ ಮೇಲೆ ಇದರ ಇಂಜಿನ್ ಚಾಲೂ ಆಗಬಾರದು."

ಅಷ್ಟರಲ್ಲಿ ಧಣಿ ಓಡಿ ಬಂದರು. "ಹಂಗಾರೆ ಆಚಿಗ್ ಹೋಪ್ದ್ ಹ್ಯಾಂಗೆ ಸಾರ್? ಕಡ್ಲ್ ಈಚಿಗ್ ಬತ್ತಿಲ್ಲೆ."

ಇಲಾಖೆಯವರು ಯೋಚಿಸಿದರು. "ದೂಡಿಕೊಂಡು ಹೋಗಿ. ದೂಡುವುದಕ್ಕೆ ನಂಬರ್ ಬೇಡ."

ಅಂದಿನಿಂದ ಬೆಳಿಗ್ಗೆ ನಾನೂ ಧಣಿಯ ತೋಟದ ಆಳುಗಳೂ ಸೇರಿ ನಾಲ್ಕು ಜನ ದೂಡಿ ದಾಟಿಸುವುದು, ಬೈಸಾರಿ ನಾಲ್ಕು ಜನ ದೂಡಿ ವಾಪಸು ತರುವುದು. ಹ್ಯಾಂಡಲು ಹಿಡಿಯಲು ಒಬ್ಬರು ಮೇಲೆ ಕೂರಬೇಕಲ್ಲ, ಧಣಿ ಕೂರುತ್ತಿದ್ದರು.

ನವರಾತ್ರಿಯಲ್ಲಿ ಆಯುಧ ಪೂಜೆ ಬಂತು. ಗಾಡಿಗೆ ಗೊಂಡೆ ಹೂವಿನ ಮಾಲೆ, ಕುಂಕುಮ, ಮುಂದೆ ಎರಡು ಬಾಳೆಕಂದು. ಧಣಿ ಬಿಳಿ ಪಂಚೆ, ಶಲ್ಯದಲ್ಲಿ ಮೇಲೆ ಕೂತಿದ್ದರು. ನಾವು ನಾಲ್ವರು ಬರಿಗಾಲಿನಲ್ಲಿ ಬೆವರು ಸುರಿಸುತ್ತ ದೂಡುತ್ತಿದ್ದೆವು. ಡಾಮರಿನ ನಡುಮಧ್ಯ ತಲುಪುವಾಗ ಕುಂದಾಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು ಚಪ್ಪಲಿ ಕಳಚಿ ಇಳಿದ.

"ಯಾವ್ ದೇವಸ್ಥಾನದ್ ಇದ್?" ಎಂದು ಮೆಲ್ಲಗೆ ನನ್ನ ಹತ್ತಿರ ಕೇಳಿದ.

ನಾನು ಬಾಯಿ ತೆರೆಯುವುದರೊಳಗೆ ಕಿಟಕಿಯಿಂದ ಒಬ್ಬಳು ಮುದುಕಿ ಕೈಮುಗಿದಳು. ಧಣಿ ಬಲಗೈ ಎತ್ತಿ ಆಶೀರ್ವಾದ ಮಾಡಿದರು.

೩. ಗೆರೆ

ಡಾಮರು ದಾಟಿದರೂ ಕಡಲ ಕರೆ ನಮ್ಮದಾಗಲಿಲ್ಲ. ಚಳಿಗಾಲ ಶುರುವಾಗುತ್ತಿದ್ದಂತೆ ಅರಣ್ಯ ಇಲಾಖೆಯ ಗಾರ್ಡು ಬಂದ.

"ಕಡಲಾಮೆ ಮೊಟ್ಟೆ ಇಡುವ ಕಾಲ. ಉಬ್ಬರದ ಗೆರೆಯಿಂದ ಮೇಲೆ ಈ ಗಾಡಿ ಬರಬಾರದು."

ಸರಿ ಎಂದು ಗೆರೆಯ ಕೆಳಗೆ, ಒದ್ದೆ ಹೊಯ್ಗೆಯಲ್ಲಿ ಬಿಡತೊಡಗಿದೆ. ಮರುವಾರ ಆ ಗಾರ್ಡಿನ ಜೊತೆ ಇನ್ನೊಂದು ಇಲಾಖೆಯವರೊಬ್ಬರು ಬಂದರು. ಗೆರೆಯಿಂದ ಕೆಳಗಿನದು ತಮ್ಮದು, ಅಲ್ಲಿ ಯಾವ ಚಕ್ರವೂ ಉರುಳಬಾರದು ಎಂದರು.

"ಹಂಗಾರೆ ಗೆರಿ ಮೇಲೆ?" ಎಂದರು ಧಣಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಗೆರೆ ಯಾರ ಇಲಾಖೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕೈರಂಪಣಿ ಬಲೆ ಎಳೆಯುವ ಮೀನುಗಾರ ಮೊಗೇರರ ಯಜಮಾನರು ಅಲ್ಲೇ ಕೂತು ಬಲೆ ಹೆಣೆಯುತ್ತಿದ್ದರು. "ಹ್ವಾಯ್, ಗೆರಿ ನಿನ್ನಿ ಅಲ್ಲಿತ್ತ್, ಇವತ್ತ್ ಇಲ್ಲಿತ್ತ್. ನಾಳಿ ಎಲ್ಲಿರತ್ತ್ ಅಂತ್ ಕಡ್ಲನ್ನೇ ಕೇಣಿ" ಎಂದರು.

ದಿನಾ ಬೆಳಿಗ್ಗೆ ನೀರು ಎಲ್ಲಿವರೆಗೆ ಬಂದಿದೆ ನೋಡಿ, ಅಲ್ಲಿ ಬಿದ್ದ ಕಸಕಡ್ಡಿಯ ಸಾಲಿನ ಮೇಲೆಯೇ ಬಿಡುವುದಾಯಿತು. ಆಚೆ ಒಂದಡಿ ಇಲ್ಲ, ಈಚೆ ಒಂದಡಿ ಇಲ್ಲ. ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಒಬ್ಬರು ಸಂಸಾರ ಸಮೇತ ಬಂದು ಹತ್ತಿದರು. ಸೀದಾ ಹೋದೆ, ಸೀದಾ ಬಂದೆ. ಅವರು ಇಳಿದು ಪ್ಯಾಂಟು ಕೊಡವಿಕೊಂಡರು.

"ಸೀದಾ ಹೋಗುವುದೇ ಆದರೆ ಬಸ್ಸಿದೆಯಲ್ಲ ಮಾರಾಯರೆ. ಕೂರಲು ಸೀಟಾದರೂ ಅಗಲ."

೪. ಹಪ್ಪಳ

ಧಣಿಯ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕನ ಸಹನೆ ಅಲ್ಲಿಗೆ ಮುಗಿಯಿತು. "ಮಳಿ ಹಿಡಿಯುದ್ರೊಳ್ಗೆ ಈ ಶನಿಗೊಂದ್ ಜಾಗ ಕಾಣಿ. ಇಲ್ದಿರೆ ಬಂದಲ್ಲಿಗೇ ವಾಪಸ್" ಎಂದು ಕಡ್ಡಿ ಮುರಿದಂತೆ ಹೇಳಿದರು.

ಧಣಿಯ ಮುಖ ಸಣ್ಣದಾಯಿತು. ನನ್ನದೂ. ಯಾಕೆಂದರೆ, ಹೇಳಲು ನಾಚಿಕೆ, ಆ ಕೆಲಸ ನನಗೆ ಹಿಡಿಸಿಬಿಟ್ಟಿತ್ತು. ದಿನವಿಡೀ ಹೋಗುತ್ತಲೇ ಇರುವುದು, ಬೈಸಾರಿ ಮನೆಯಲ್ಲಿ ಊಟ. ತಿರುಗುವ ಚಟದವನಿಗೆ ಇದಕ್ಕಿಂತ ಏನು ಬೇಕು? ಇದು ಹೋದರೆ ನಾನೂ ಊರಿನಿಂದ ಹೋದ ಹಾಗೆಯೇ.

ಖಾಸಗಿ ಜಾಗದಲ್ಲಾದರೆ ಯಾರ ಕಾಟವೂ ಇಲ್ಲ ಎಂದು ಯಾರೋ ಹೇಳಿದರು. ಶಂಕರನಾರಾಯಣದ ಹತ್ತಿರ ಧಣಿಯ ಭಾವನಿಗೆ ಬೇಕಾದಷ್ಟು ಜಾಗ ಇತ್ತು. ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋದೆವು.

ಭಾವ ಬಹಳ ಒಳ್ಳೆಯವರು. "ಎಲ್ಲಿ ಬೇಕಾರೂ ಬಿಡಿ, ನಿಮ್ದೇ ಜಾಗ" ಎಂದರು. ಆಮೇಲೆ ಕೈಹಿಡಿದು ತೋರಿಸಿದರು. "ಆ ಗದ್ದಿಯಗೆ ಉದ್ದ್ ಹಾಕಿತ್, ಅಲ್ಲಿ ಬೇಡ. ಅದ್ ನಾಗ್ರ ಬನ, ಅಲ್ಲಿ ಬ್ಯಾಡ್ವೇ ಬೇಡ. ಅತ್ಲಾಗ್ ಹೋರೆ ದನ ಹೆದ್ರತ್. ಇತ್ಲಾಗೆ ಬಾವಿ."

ಉಳಿದದ್ದು ಅಂಗಳ. ಅಂಗಳದ ತುಂಬ ಭಾವನ ತಾಯಿ ಹಲಸಿನ ಹಪ್ಪಳ ಒಣಗಿಸಿದ್ದರು.

ಎಂಟು ದಿನ ಅಲ್ಲಿದ್ದೆವು. ಗಾಡಿ ಒಂದು ಗಜ ಹೋಗಲಿಲ್ಲ. ಮೂರನೆಯ ದಿನ ಜಾಗ ಸಾಲದೆ ಆ ಅಮ್ಮ ಗಾಡಿಯ ಮೇಲೂ ಪಂಚೆ ಹಾಸಿ ಹಪ್ಪಳ ಹರಡಿದರು. ಕಾಗೆ ಬಂದಾಗ ಹಾರ್ನ್ ಹೊಡೆಯುವುದು ನನ್ನ ಕೆಲಸ. ಹೊರಡುವಾಗ ಅವರು ಧಣಿಯ ಹತ್ತಿರ, "ಒಳ್ಳೆ ಗಾಡಿ ಕಾಣಿ. ಬಪ್ಪೊರ್ಷವೂ ಹಪ್ಳಕ್ಕೆ ತಕಂಡ್ ಬನ್ನಿ" ಎಂದರು.

೫. ಬಿಡು

ವಾಪಸು ಬರುವಾಗ ಕಡಲ ಕರೆಯಲ್ಲಿ ಹೊಸ ಬೋರ್ಡು ಎದ್ದಿತ್ತು. 'ಇಲ್ಲಿ ವಾಹನ ಬಿಡಬಾರದು.'

ಧಣಿ ಕನ್ನಡಕ ಹಾಕಿ ಎರಡು ಸಲ ಓದಿದರು. "ಸಮ ಬರ್ದಿರ್. ಇಲ್ಲಿ ಬಿಟ್ಟಿಕ್ ಹೋಪುಕಾಗ. ಕಳ್ರ್ ಇದ್ರ್."

ಹಗಲಿಡೀ ಓಡಿಸುವುದು, ಬೈಸಾರಿ ಅಲ್ಲಿ ಬಿಡದೆ ಮನೆಗೆ ದೂಡಿಕೊಂಡು ಬರುವುದು. ನನಗೂ ಅರ್ಥವಾದದ್ದು ಅದೇ. ಬೇರೆ ಅರ್ಥ ಹುಡುಕಿದರೆ ಕೆಲಸ ಹೋಗುತ್ತಿತ್ತು, ಹಾಗಾಗಿ ಹುಡುಕಲಿಲ್ಲ.

ಹದಿನೈದು ದಿನ ಚೆನ್ನಾಗಿ ನಡೆಯಿತು. ಹದಿನಾರನೇ ದಿನ ಪೊಲೀಸರು ಬಂದು ಗಾಡಿ, ಧಣಿ, ನಾನು ಮೂವರನ್ನೂ ಠಾಣೆಗೆ ಕರೆದರು. ಗಾಡಿಯನ್ನು ದೂಡಿಕೊಂಡೇ ಹೋದೆವು. ಠಾಣೆಯ ಸಾಹೇಬರು ಬಿಜಾಪುರ ಕಡೆಯವರು, ವರ್ಗವಾಗಿ ಬಂದು ಒಂದು ವಾರ ಆಗಿತ್ತು. ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವುದರಲ್ಲಿದ್ದರು.

"ಗಾಡಿ ಯಾರ್ ಹೊಡೀತಿದ್ರು?"

ಧಣಿ ಗಾಬರಿಯಾದರು. "ಹೊಡುದ್ ಎಂತಕೆ ಸಾಹೇಬ್ರೆ? ಒಂದ್ ಪೆಟ್ಟ್ ಹಾಕ್ಲಿಲ್ಲೆ. ಮಗಿನ್ ಕಂಡಂಗ್ ಕಂಡಿತ್."

"ಮತ್ತ ಉಸುಕಿನ್ಯಾಗ ತಾನ ಓಡ್ತಿತ್ತೇನು?"

"ಇಂವ ಬಿಡ್ತಿದ್ದ."

"ಬಿಟ್ರ ಹ್ಯಾಂಗ ಓಡ್ತದ? ಹೊಡದ್ರ ಓಡ್ತದ."

ಊರಿನವನೇ ಆದ ಒಬ್ಬ ಪೇದೆ ಮಧ್ಯೆ ಬಂದ. "ಸಾರ್, ಇಲ್ಲಿ ಬಿಡುವುದು ಅಂದರೆ ಹೊಡೆಯುವುದು."

"ಹೊಡಿಲಿಲ್ಲೆ ಅಂತ್ ಹೇಳ್ತಿಲ್ಯಾ ನಾನ್?" ಎಂದು ಧಣಿ ಅವನ ಮೇಲೆ ರೇಗಿದರು.

ಸಾಹೇಬರು ರೊಟ್ಟಿ ಕೆಳಗಿಟ್ಟರು. "ಬೋರ್ಡಿನ್ಯಾಗ ಏನ್ ಬರ್ದದ?"

"ಬಿಡುಕಾಗ ಅಂತ್."

"ನೀವ್ ಬಿಟ್ರೋ ಇಲ್ಲೋ?"

"ಒಂದ್ ದಿನ ಬಿಟ್ಟಿಲ್ಲೆ. ಬೈಸಾರಿ ಆದ್ ಕೂಡ್ಲೆ ಮನಿಗ್ ತಕಂಡ್ ಹೋತ್."

ಪೇದೆ ನನ್ನ ಹೇಳಿಕೆ ಬರೆಯಲು ಕೂತ. 'ಹೊಡೆದೆನು' ಎಂದು ಬರೆದ. ಧಣಿ ಒಪ್ಪಲಿಲ್ಲ, ಹೊಡೆದು ಹಾಕಿದ. 'ಬಿಟ್ಟೆನು' ಎಂದು ಬರೆದ. ಸಾಹೇಬರು ಒಪ್ಪಲಿಲ್ಲ. 'ಓಡಿಸಿದೆನು' ಎಂದ. "ಓಡ್ಸುಕೆ ಅದೆಂತ ನಾಯಿಯಾ?" ಎಂದು ನಾನೇ ಕೇಳಿಬಿಟ್ಟೆ. ಕಾಗದದಲ್ಲಿ ನನ್ನ ಹೆಸರು, ಅಪ್ಪನ ಹೆಸರು ಬಿಟ್ಟು ಮತ್ತೆಲ್ಲ ಗೀಟು.

ಸಾಹೇಬರು ತಲೆ ಹಿಡಿದುಕೊಂಡರು. ಮನುಷ್ಯ ಒಳ್ಳೆಯವರು. ಎಚ್ಚರಿಕೆ ಹೇಳಿ ಕಳಿಸುವ ಮನಸ್ಸು ಆಗಲೇ ಮಾಡಿದ್ದರು ಎಂದು ಆಮೇಲೆ ಪೇದೆ ಹೇಳಿದ. ಆ ಗೀಟಿನ ಕಾಗದ ನೋಡಿ ಅವರಿಗೆ ಸಾಕಾಗಿಹೋಯಿತು.

"ಆತ್ ಆತ್. ಬಿಡ್ರಿ ಅತ್ಲಾಗ" ಎಂದರು.

ಧಣಿ ನನ್ನ ಕಡೆ ತಿರುಗಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಆ ವರ್ಷದಲ್ಲಿ ನೋಡಿರಲಿಲ್ಲ. "ಕೇಂಡ್ಯಾ? ಸಾಹೇಬ್ರೇ ಬಿಡುಕ್ ಹೇಳಿರ್."

ಹೊರಗೆ ಬಂದೆ, ಗಾಡಿ ಹತ್ತಿದೆ, ಚಾಲೂ ಮಾಡಿದೆ, ಠಾಣೆಯ ಗೇಟಿನಿಂದ ನೇರ ಹೆದ್ದಾರಿಗೆ ಬಿಟ್ಟೆ. ಒಂದು ವರ್ಷ ದೂಡಿ ದೂಡಿ ದಾಟಿಸಿದ ಡಾಮರು. ಅದರ ಮೇಲೆ ಆ ಗಾಡಿ ಹೇಗೆ ಹೋಗುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಹಿಂದೆ ತಿರುಗಿ ನೋಡಿದರೆ ಸಾಹೇಬರು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಗೇಟಿಗೆ ಬಂದಿದ್ದರು. ಏನೋ ಕೂಗುತ್ತಿದ್ದರು. 'ಬಿಡಬ್ಯಾಡ' ಎಂದಿರಬೇಕು. ಬಿಡಬೇಡ ಅಂದರೆ ನಿಲ್ಲಿಸಬೇಡ ಎಂದುಕೊಂಡು ಇನ್ನೂ ಜೋರು ಬಿಟ್ಟೆ.

ನಾವುಂದದ ಬಸ್‌ಸ್ಟಾಪಿನ ಬದಿಯಲ್ಲಿ ಅಮ್ಮ ಬೂತಾಯಿ ಮೀನಿನ ಬುಟ್ಟಿ ಇಟ್ಟುಕೊಂಡು ಮಾರುತ್ತ ಕೂತಿದ್ದಳು. ನಾನು ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಪಕ್ಕದವಳಿಗೆ ಕೈ ತೋರಿಸಿ, "ನಮ್ ಗಂಡ್ ಮಗ ಕಾಣ್. ಹಿಂದೆ ಪೊಲೀಸ್ ಜೀಪ್ ಸತಾ ಇತ್ತ್" ಎಂದಳಂತೆ.

ಗಾಡಿ ಈಗ ಠಾಣೆಯ ಹಿಂದೆ ಗೋಳಿಮರದ ಬುಡದಲ್ಲಿದೆ. ಸಾಹೇಬರು ಅದಕ್ಕೆ ಒಂದು ರಟ್ಟು ಕಟ್ಟಿಸಿದ್ದಾರೆ. 'ಇದನ್ನು ಯಾರೂ ಬಿಡಬಾರದು, ಹೊಡೆಯಬಾರದು, ಓಡಿಸಬಾರದು, ದೂಡಬಾರದು.' ಅಕ್ಕ ಅದನ್ನು ಹೋಗಿ ನೋಡಿ ಬಂದರು. "ಅಂತೂ ಒಂದ್ ಜಾಗ ಸಿಕ್ತಲ" ಎಂದರು, ಅಷ್ಟೆ. ಕೇಸು ಮುಗಿಯುವವರೆಗೆ ತೋಟ ನೋಡಿಕೊಂಡು ಇರು ಎಂದು ಧಣಿ ಕರೆದರು. ಒಂದೇ ತೋಟದಲ್ಲಿ ನಿಲ್ಲುವುದು ತೆಂಗಿನಮರದ ಕೆಲಸ, ನನ್ನದಲ್ಲ.

ಜೀವನದಲ್ಲಿ ನಾನು ಬಿಡದೆ ಹಿಡಿದುಕೊಂಡದ್ದು ಅದೊಂದೇ ಕೆಲಸ. ಅದು ನಾನು ಬಿಟ್ಟದ್ದರಿಂದಲೇ ಹೋಯಿತು.

ಗೋವಾದಲ್ಲಿ ಜನರನ್ನು ಛತ್ರಿಗೆ ಕಟ್ಟಿ ದೋಣಿಯಿಂದ ಎಳೆದು ಆಕಾಶಕ್ಕೆ ಏರಿಸುತ್ತಾರಂತೆ, ಹಗ್ಗ ಹಿಡಿಯಲು ಆಳು ಬೇಕಂತೆ. ಆಕಾಶ ಯಾವ ಇಲಾಖೆಗೆ ಸೇರಿದ್ದು ಎಂದು ಇನ್ನೂ ವಿಚಾರಿಸಿಲ್ಲ. ಚೀಲಕ್ಕೆ ಎರಡು ಅಂಗಿ, ಎರಡು ಲುಂಗಿ ತುರುಕಿದೆ. ಅಮ್ಮ ಬಂದು ಅದರ ಮೇಲೆ ಒಣಮೀನಿನ ಪೊಟ್ಟಣ ಇಟ್ಟು, ಜಿಪ್ಪು ಅವಳೇ ಎಳೆದಳು.

"ಹೋಪ್ದಾರೆ ಹೋಗ್. ಇದ್ನೂ ಬಿಟ್ಟ ಕೂಡ್ಲೆ ಮನಿಗ್ ಬಾ."