ತಮ್ಮ ಚಕ್ರಗಳು ಸರಿಯಾಗಿ ಹೊಂದಿಕೊಂಡಿರುವ ಬಗ್ಗೆ ಒಂದು ದೂರು

ಚಕ್ರ ವಿನ್ಯಾಸ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ ತಮ್ಮ ಅಳತೆಯ ಉಪಕರಣಗಳೂ ಕ್ಷೇಮವೆಂದು ನಂಬಿ, ಕುರ್ಚಿ ಮಾಡಿ ಬದುಕುವ ಒಬ್ಬ ಸಾಧಾರಣ ಗಿರಾಕಿಯಾದ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೂ ತಮ್ಮ ಕಚೇರಿಯಿಂದ ‘ದಯವಿಟ್ಟು ತಮ್ಮ ಸಮಸ್ಯೆಯನ್ನು ಕೆಳಗಿನ ಪಟ್ಟಿಯಿಂದ ಆರಿಸಿ’ ಎಂಬ ಒಂದೇ ಉತ್ತರ ಬಂದಿದೆ. ಆ ಪಟ್ಟಿಯಲ್ಲಿ ಚಕ್ರ ಅಲುಗುವುದು, ಸದ್ದು ಮಾಡುವುದು, ಬಿರುಕು ಬಿಡುವುದು, ಹೊಂದದಿರುವುದು ಎಲ್ಲ ಇವೆ. ಹೊಂದುವುದು ಮಾತ್ರ ಇಲ್ಲ. ನನ್ನ ದೂರು ಅದೇ.

ನಮ್ಮದು ತಮ್ಮದೇ ಕಂಪನಿಯ ಇಪ್ಪತ್ತಾರು ವರ್ಷ ಹಳೆಯ ಪಿಕಪ್ ಗಾಡಿ. ಅದರ ಮೂಲ ಚಕ್ರಗಳು ತುಕ್ಕು ತಿಂದು, ಹಳ್ಳಕ್ಕೊಂದು ಸೊಟ್ಟ ಬಿದ್ದು, ಗಾಡಿ ನೇರ ರಸ್ತೆಯಲ್ಲೂ ತೂಕಡಿಸುವವನಂತೆ ಓಲಾಡತೊಡಗಿದಾಗ, ತಮ್ಮ ಅಧಿಕೃತ ಮಳಿಗೆಯವನು “ಆ ಕಾಲದ್ದು ಈಗ ತಯಾರಾಗಲ್ಲ ಸಾರ್, ಹೊಸ ಮಾಡೆಲ್ಲಿಂದೇ ಹಾಕಿಸ್ಬಿಡಿ, ಕಂಪನಿ ಒಂದೇ, ಬೋಲ್ಟೂ ಆರೇ” ಎಂದು ಹೇಳಿ, ‘ಹಿಂದಿನ ಎಲ್ಲ ಮಾದರಿಗಳಿಗೂ ಹೊಂದುತ್ತದೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಕಾಗದವೊಂದನ್ನು ಕೈಗಿತ್ತನು. ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಆದ್ದರಿಂದ ಬೋಲ್ಟುಗಳ ನಡುವಿನ ಅಂತರ, ನಡುಗಂಡಿಯ ವ್ಯಾಸ, ಚಕ್ರ ಒಳಕ್ಕೆಷ್ಟು ಹೊರಕ್ಕೆಷ್ಟು ಎಂಬುದೆಲ್ಲವನ್ನೂ ಮೂರು ಸಲ ಅಳೆದೆ. ಕುರ್ಚಿ ಕೆಲಸದವರಿಗೆ ಅರ್ಧ ಮಿಲಿಮೀಟರು ಎಂದರೆ ಒಂದು ಜಗಳ. ಮೂರು ಸಲವೂ ಒಂದು ಕೂದಲಿನ ವ್ಯತ್ಯಾಸ ಸಿಗಲಿಲ್ಲ. ಕೂಡಿಸಿದ ಮೇಲೆ ಗರಾಜಿನವನೇ ಎರಡು ಹೆಜ್ಜೆ ಹಿಂದೆ ಸರಿದು, “ಹುಟ್ಟಿದಾಗಿಂದ ಇದೇ ಕಾಲಲ್ಲಿ ನಡೆದ ಹಾಗಿದೆ ನೋಡಿ” ಎಂದ. ಈ ಮಾತನ್ನು ತಾವು ಜಾಹೀರಾತಿನಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು.

ಮನೆಯಲ್ಲಿ ಇದಕ್ಕೆ ಒಪ್ಪದೇ ಇದ್ದವನು ನನ್ನ ಅಣ್ಣ ಒಬ್ಬನೇ. ಕುರ್ಚಿಗೆ ಕಾಲು ಕೂಡಿಸುವುದು ಅವನ ಕೆಲಸ, ಬೆತ್ತ ಹೆಣೆಯುವುದು ನನ್ನದು. ಮೂವತ್ತೊಂದು ವರ್ಷದಿಂದ ಒಂದೇ ಸೂರಿನಡಿ ಹೀಗೆ ನಡೆದಿದೆ. “ಹಳೇದಕ್ಕೇನಾಗಿದೆಯೋ, ಬಡಿದು ನೆಟ್ಟಗೆ ಮಾಡಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ” ಎಂದು ಅವನೂ, “ನಿನಗೆ ಹಳೇದೆಲ್ಲ ಸರಿ, ಹೊಸದೆಲ್ಲ ತಪ್ಪು” ಎಂದು ನಾನೂ ಹೇಳಿದ್ದು ನಿಜ. ಆಮೇಲೆ ಅವನಿಗೆ ಹೇಳದೆಯೇ ಹಳೆಯ ನಾಲ್ಕು ಚಕ್ರಗಳನ್ನು ಗುಜರಿಯವನಿಗೆ ಒಪ್ಪಿಸಿದ್ದೂ ನಿಜ.

ಮಾನ್ಯರೇ, ನಾನು ಅಳೆಯದೆ ಬಿಟ್ಟದ್ದು ಒಂದೇ, ನಮ್ಮ ಕಾರ್ಖಾನೆಯ ಬಾಗಿಲು.

ಆ ಬಾಗಿಲನ್ನು ಕಟ್ಟಿದವನು ಅಣ್ಣ. ಗಾಡಿ ಒಳಗೆ ಬಂದರೆ ನೆತ್ತಿಯ ಮೇಲೆ ಎರಡು ಬೆರಳಷ್ಟೇ ಸಂದು ಉಳಿಯುವ ಹಾಗೆ ಕಟ್ಟಿದ್ದ. ತಮ್ಮ ಹೊಸ ಚಕ್ರಗಳು ಮತ್ತು ಅವುಗಳ ಟೈರುಗಳು ಗಾಡಿಯನ್ನು ಐದು ಸೆಂಟಿಮೀಟರು ಮೇಲೆತ್ತಿವೆ, ಎಂದರೆ ಎರಡು ಬೆರಳನ್ನು ನುಂಗಿ ಇನ್ನೂ ಎರಡು ಸೆಂಟಿಮೀಟರು ಮಿಗುತ್ತದೆ. ಈ ಸಂಗತಿ ಮೊದಲ ದಿನವೇ ಗೊತ್ತಾಗಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ. ಆದರೆ ಆ ದಿನ ನಾನು ಗಾಡಿಯ ತುಂಬ ಮರ ಹೇರಿಕೊಂಡು ಬಂದೆ. ಆ ಭಾರಕ್ಕೆ ಸ್ಪ್ರಿಂಗುಗಳು ಕುಸಿದು, ಗಾಡಿ ವಿನಯದಿಂದ ತಲೆ ತಗ್ಗಿಸಿ ಒಳಗೆ ಬಂದಿತು. ಮರ ಇಳಿಸಿದೆವು. ಗಾಡಿ ಒಂದು ಉಸಿರು ಬಿಟ್ಟು ಎದ್ದು ನಿಂತಿತು. ಬೆಳಿಗ್ಗೆ ಹಿಂದಕ್ಕೆ ತೆಗೆದಾಗ ಗಾಡಿಯ ಸರಕಿನ ತೊಟ್ಟಿಯೇನೋ ರಸ್ತೆಗೆ ಹೋಯಿತು, ಕ್ಯಾಬಿನ್ನಿನ ನೆತ್ತಿ ಮಾತ್ರ ಬಾಗಿಲ ಮೇಲಿನ ತೊಲೆಗೆ ಧಡ್ಡೆಂದು ಬಡಿಯಿತು, ಮಹಡಿಯಲ್ಲಿ ಮಲಗಿದ್ದ ಅತ್ತಿಗೆ ಮಂಚದ ಸಮೇತ ಎಚ್ಚರಗೊಂಡರು.

ಅಣ್ಣ ಹೊರಗಿನ ಮೆಟ್ಟಿಲಿಳಿದು ಬಂದ. ಚಕ್ರ ನೋಡಿದ, ತೊಲೆ ನೋಡಿದ, ನನ್ನನ್ನು ನೋಡಲಿಲ್ಲ. “ಈ ಗಾಡಿ ಹೊರಗೆ ಬರೋ ತನಕ ನಾನು ಒಳಗೆ ಬರಲ್ಲ” ಎಂದವನೇ ಎದುರುಗಡೆ ಟೈಲರ್ ಅಂಗಡಿಯ ಬೆಂಚಿನ ಮೇಲೆ ಹೋಗಿ ಕುಳಿತ.

ತಮ್ಮಂಥ ತಜ್ಞರಿಗೆ ಈಗಾಗಲೇ ಹತ್ತು ಪರಿಹಾರಗಳು ಹೊಳೆದಿರುತ್ತವೆ, ನಮ್ಮ ರಸ್ತೆಯವರಿಗೂ ಹೊಳೆದವು. ಟೈರಿನ ಗಾಳಿ ಬಿಡಿ ಎಂದರು. ಬಿಟ್ಟೆವು, ತಮ್ಮ ಟೈರಿನ ಅಂಚು ಎಷ್ಟು ತೆಳುವಾಗಿ, ಎಷ್ಟು ಅಂದವಾಗಿದೆಯೆಂದರೆ ಗಾಳಿ ಪೂರ್ತಿ ಹೋದರೂ ಗಾಡಿ ಒಂದು ಸೆಂಟಿಮೀಟರಿಗಿಂತ ಕೆಳಗಿಳಿಯಲು ಒಪ್ಪಲಿಲ್ಲ. ತೊಲೆ ಕೊಯ್ಯಿರಿ ಎಂದರು, ಅದರ ಮೇಲೆ ಅತ್ತಿಗೆಯ ಮಂಚವಿದೆ. ನೆಲ ಅಗೆಯಿರಿ ಎಂದರು, ಅದರ ಕೆಳಗೆ ಮರವನ್ನು ಔಷಧದಲ್ಲಿ ನೆನೆಸುವ ತೊಟ್ಟಿಯಿದೆ. ಇಳಿಸಿದ ಮರವನ್ನೇ ಮತ್ತೆ ಹೇರಿ ಎಂದರು, ಅದು ಆ ತೊಟ್ಟಿಯಲ್ಲೇ ಮುಳುಗಿತ್ತು, ಒಂಬತ್ತು ದಿನ ತೆಗೆಯುವಂತಿರಲಿಲ್ಲ. ಮರಳಿನ ಚೀಲ ತನ್ನಿ ಎಂದರು. ಮರಳು ತರಲು ನಮಗೊಂದು ಪಿಕಪ್ ಗಾಡಿ ಬೇಕಿತ್ತು.

ಇಷ್ಟರ ನಡುವೆ, ಶಾಲೆಯೊಂದರ ವಾಚನಾಲಯಕ್ಕೆ ಮುಂದಿನ ಸೋಮವಾರ ಕೊಡಬೇಕಾಗಿದ್ದ ಮೂವತ್ತಾರು ಕುರ್ಚಿಗಳು, ಬೆನ್ನೂ ಆಸನವೂ ಕೈಯೂ ಉಳ್ಳವಾಗಿ, ಕಾಲಿಲ್ಲದೆ ನೆಲದ ಮೇಲೆ ಕುಳಿತಿದ್ದವು. ಮೂರನೆಯ ದಿನ ನಾನೇ ಒಂದಕ್ಕೆ ಕಾಲು ಕೂಡಿಸಿದೆ. ನಾಲ್ಕೂ ಕಾಲಿನ ಅಳತೆ ಪಕ್ಕಾ ಇತ್ತು. ಅತ್ತಿಗೆ ಬಂದು ಕೂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಲಾಡಿ, “ಕುರ್ಚಿ ಮಾಡಪ್ಪಾ ಅಂದ್ರೆ ತೊಟ್ಟಿಲು ಮಾಡಿದೀಯಲ್ಲೋ” ಎಂದರು. ಅಣ್ಣ ಕಾಲನ್ನು ಅಳೆಯುವುದಿಲ್ಲ. ಕುರ್ಚಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾನೆ, ಆಮೇಲೆ ಯಾವುದೋ ಒಂದು ಕಾಲಿನಿಂದ ಒಂದಿಷ್ಟು ತೆಗೆಯುತ್ತಾನೆ. ಎಷ್ಟು ಎಂದು ನಾನು ಎಂದೂ ಕೇಳಿರಲಿಲ್ಲ. ಆ ಸಂಜೆ ಎದುರಿನ ಬೆಂಚಿನ ಕಡೆ ನೋಡಿ ಕೇಳಬೇಕೆನ್ನಿಸಿತು. ಅವನು ಪತ್ರಿಕೆಯ ಹಿಂದೆ ಇದ್ದ.

ಆರನೆಯ ದಿನ ಬೆಳಿಗ್ಗೆ, ಮರಳಿನ ಬದಲು ಮನುಷ್ಯರನ್ನು ಹೇರಲು ತೀರ್ಮಾನಿಸಿದೆವು. ಗಾಡಿಯ ತೊಟ್ಟಿಯಲ್ಲಿ ಅತ್ತಿಗೆ, ನನ್ನ ಹೆಂಡತಿ, ಟೈಲರ್, ಕ್ಷೌರಿಕ ಮತ್ತು ಪಕ್ಕದ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಕ್ಯಾಬಿನ್ನಿಗೆ ಬೆನ್ನು ಒತ್ತಿ, ತೊಲೆ ದಾಟುವಾಗ ಶಾಲೆಯ ಮಕ್ಕಳಂತೆ ಸಾಲಾಗಿ ತಲೆ ತಗ್ಗಿಸಿ ಕುಳಿತರು. ಗರಾಜಿನವನು ಹಿಂದಕ್ಕೆ ತೆಗೆದ. ತೊಟ್ಟಿ ರಸ್ತೆಗೆ ಬಂತು, ನೆತ್ತಿ ತೊಲೆಗೆ ತಾಗಿ ನಿಂತಿತು. ಅಳೆಯುವುದನ್ನು ಬಿಟ್ಟು ನಾನೂ ಹತ್ತಿದೆ. ಬೆತ್ತದವನ ತೂಕ ಬೆತ್ತದಷ್ಟೇ. ಇನ್ನೂ ಒಂದು ಬೆಂಕಿಕಡ್ಡಿಯ ದಪ್ಪ ಕಡಿಮೆ ಬಿತ್ತು. ರಸ್ತೆಯಲ್ಲಿ ಬೇಕಾದಷ್ಟು ಜನ ನಿಂತಿದ್ದರು, ಆದರೆ ಎಲ್ಲರೂ ಮೊಬೈಲಿನಲ್ಲಿ ನಮ್ಮ ಚಿತ್ರ ತೆಗೆಯುತ್ತಿದ್ದುದರಿಂದ ಅವರ ತೂಕ ನಮಗೆ ಒದಗಲಿಲ್ಲ.

ಆಗ ಅತ್ತಿಗೆ, ಬೆಂಚಿನ ಮೇಲಿದ್ದ ತೊಂಬತ್ತೆರಡು ಕಿಲೋದ ಕಡೆ ತಿರುಗಿ, “ಏನ್ರೀ, ಬಂದು ಹತ್ತಿ” ಎಂದರು. “ಹೊರಗೆ ಬರೋ ತನಕ ಒಳಗೆ ಬರಲ್ಲ ಅಂದಿದೀನಿ” ಎಂದಿತು ಪತ್ರಿಕೆ. “ಒಳಗೆ ಯಾರು ಕರೆದ್ರು ನಿಮ್ಮನ್ನ? ನಾನು ಕೂತಿರೋದು ನಡುರಸ್ತೇಲಿ, ಈ ಬಿಸಿಲಲ್ಲಿ. ಕಣ್ಣು ಬಿಟ್ಟು ನೋಡಿ.”

ಅಣ್ಣ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟ. ಹತ್ತಿರ ಬಂದು, ತೊಟ್ಟಿಯ ಅಷ್ಟೂ ಉದ್ದ ಹೊಸ್ತಿಲಿನ ಆಚೆಗಿದೆಯೇ ಎಂದು ಬಗ್ಗಿ ಪರೀಕ್ಷಿಸಿದ. ಇದೆ ಎಂದು ಖಚಿತವಾದ ಮೇಲೆ ಹತ್ತಿದ. ಜಾಗವಿದ್ದದ್ದು ನನ್ನ ಪಕ್ಕದಲ್ಲಿ ಮಾತ್ರ. ಅವನು ಕುಳಿತ ಕೂಡಲೇ ಗಾಡಿ ತಗ್ಗಿತು, ತೊಲೆಯ ಕೆಳಗೊಂದು ಬೆಳಕಿನ ಗೆರೆ ಕಂಡಿತು, ನಾವೆಲ್ಲ ಸದ್ದಿಲ್ಲದೆ ಹಿಂದಕ್ಕೆ ಜಾರಿ ಪೂರ್ತಿ ಹೊರಗೆ ಬಂದೆವು.

“ಎಷ್ಟು ಕಡಿಮೆ ಇತ್ತು?” ಎಂದು ಅಣ್ಣ ಕೇಳಿದ. ಆರು ದಿನದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಬೆಂಕಿಕಡ್ಡಿಯಷ್ಟು ಎಂದೆ. “ಕಟ್ಟುವಾಗ ಇನ್ನೆರಡು ಬೆರಳು ಬಿಡೋಣ ಅಂದಿದ್ದೆ ನಾನು. ಅಳತೆ ಅಂದ್ರೆ ಅಳತೆ, ಬೇಡ ಅಂತ ಹಟ ಹಿಡಿದೋನು ನೀನು” ಎಂದು ಹೇಳಿ ಇಳಿದು, ಸೀದಾ ಒಳಗೆ ಹೋಗಿ, ನನ್ನ ತೊಟ್ಟಿಲಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

ಈ ಮಾಹಿತಿಯನ್ನು ನನ್ನ ಹಿಂದಿನ ಮೂರು ಪತ್ರಗಳಲ್ಲಿ ಸೇರಿಸಲು ಮರೆತಿದ್ದೇನೆ. ಕ್ಷಮೆಯಿರಲಿ.

ಕುರ್ಚಿಗಳು ಸೋಮವಾರ ತಮ್ಮ ಕಾಲ ಮೇಲೆ ತಾವು ನಿಂತವು. ಆದರೂ ದೂರು ದೂರೇ ಆದ್ದರಿಂದ, ನಿಯಮದಂತೆ ಪರಿಹಾರ ಕೋರುತ್ತೇನೆ. ತಮ್ಮ ಮುಂದಿನ ಚಕ್ರವನ್ನು ರಸ್ತೆಯಲ್ಲಿ ದೊಡ್ಡದಾಗಿಯೂ ಮನೆಯ ಬಾಗಿಲಲ್ಲಿ ಚಿಕ್ಕದಾಗಿಯೂ ಇರುವಂತೆ ವಿನ್ಯಾಸಗೊಳಿಸಬೇಕು. ಅದು ಆಗುವವರೆಗೆ ತಮ್ಮ ವಿಭಾಗದಿಂದ ತೂಕವುಳ್ಳ ಆರು ಅಧಿಕಾರಿಗಳನ್ನು ದಿನವೂ ಬೆಳಿಗ್ಗೆ ಏಳೂವರೆಗೆ ನಮ್ಮ ಬಾಗಿಲಿಗೆ ಕಳಿಸಿ, ಸಂಜೆ ಗಾಡಿ ಒಳಗೆ ಹೋಗುವಾಗ ಮತ್ತೊಮ್ಮೆ ಕಳಿಸಬೇಕು, ಏಕೆಂದರೆ ನಮ್ಮ ಇಕ್ಕಟ್ಟಾದ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ಟೈಲರ್ ಅಂಗಡಿಯ ಬಾಗಿಲು ತೆರೆಯುವುದಿಲ್ಲ.

ಈ ಕೋರಿಕೆಗಳನ್ನು ತಾವು ಎಂದಿನ ನಿಧಾನದಲ್ಲೇ ಪರಿಶೀಲಿಸಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇನೆ. ಗಾಡಿ ಹೊರಗೆ ಬಂದ ದಿನವೇ ನಾನು ಆರು ಚೀಲ ಮರಳು ತಂದು ಮೆಟ್ಟಿಲ ಕೆಳಗೆ ಜೋಡಿಸಿದ್ದೆ. ಮರುದಿನ ಅವು ಕಾಣಲಿಲ್ಲ. ಹಿತ್ತಲಿನ ಗುಂಡಿಗೆ ಸುರಿದು ಸಮ ಮಾಡಿದ್ದ ಅಣ್ಣ. “ಮರಳು ಯಾಕೋ, ನಾನೇನು ಸತ್ತಿದೀನಾ?” ಎಂದು ಕೇಳಿದ. ಅಂದಿನಿಂದ ಬೆಳಿಗ್ಗೆ ಏಳೂವರೆಗೆ, ಯಾರೂ ಕರೆಯದೆ, ಪತ್ರಿಕೆ ಹಿಡಿದು ಬಂದು ತೊಟ್ಟಿಯಲ್ಲಿ ಕೂರುತ್ತಾನೆ. ಗರಾಜಿನವನು ಹಿಂದಕ್ಕೆ ತೆಗೆಯುವಾಗ, ಮಿಕ್ಕ ಐವರ ಜೊತೆ ತೊಲೆಯ ಕೆಳಗೆ ನಾವಿಬ್ಬರೂ ತಲೆ ತಗ್ಗಿಸುತ್ತೇವೆ. ಮೂವತ್ತೊಂದು ವರ್ಷದಲ್ಲಿ ಮಾತಿನಿಂದ ಆಗದ ಕೆಲಸ ಇದು. ಇದಕ್ಕೆ ಹೊಣೆ ಯಾರೆಂದು ತಮ್ಮ ಪಟ್ಟಿಯಲ್ಲಿ ಹುಡುಕಿದೆ, ಅದೂ ಇರಲಿಲ್ಲ.

ಇರಬೇಕಾದ ಎತ್ತರಕ್ಕಿಂತ ಎರಡು ಸೆಂಟಿಮೀಟರು ಮೇಲಿರುವ,
ತಮ್ಮ ವಿಶ್ವಾಸಿ,
ಬೆತ್ತ ಹೆಣೆಯುವ ತಮ್ಮ

ತಾ.ಕ.: ಸರಕಿನ ತೊಟ್ಟಿಯಲ್ಲಿ ಮನುಷ್ಯರನ್ನು ಕೂರಿಸಬಾರದೆಂದು ತಮ್ಮ ಕೈಪಿಡಿಯ ಹದಿನಾಲ್ಕನೆಯ ಪುಟ ಎಚ್ಚರಿಸುತ್ತದೆ. ಆದ್ದರಿಂದ ಅಣ್ಣನನ್ನು ದಯವಿಟ್ಟು ಚಕ್ರದ ಬಿಡಿಭಾಗವೆಂದು ದಾಖಲಿಸಿಕೊಳ್ಳಿ. ತಮ್ಮ ಖಾತರಿ ಎರಡು ವರ್ಷ, ಅವನಿಗೆ ಅರವತ್ತೆಂಟು. ಖಾತರಿಯನ್ನು ವಿಸ್ತರಿಸಲು ಸಾಧ್ಯವೇ ಎಂದು ತಮ್ಮ ಮಳಿಗೆಯವನನ್ನು ವಿಚಾರಿಸಬೇಕೆಂದಿದ್ದೆ, ಕೇಳಲಿಲ್ಲ. ಆ ಕಾಲದ್ದು ಈಗ ತಯಾರಾಗುವುದಿಲ್ಲ ಎಂದು ಅವನು ಆಗಲೇ ಹೇಳಿದ್ದಾನೆ.