ಅಳಿಮಯ್ಯನ ಸೊಪ್ಪಿನ ಪೆಟ್ಟಿಗೆ

"ಇನ್ನು ಮೇಲೆ ಈ ಮನೆಗೆ ಸಂತೆಯ ಸೊಪ್ಪು ಬರಕೂಡದು!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ರೂಪಶ್ರೀ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು. ಕಟ್ಟೆಮಳಲವಾಡಿಯಲ್ಲಿ ಅವಳ ತವರಿನವರು ಹೊಸ ಮನೆ ಕಟ್ಟಿಸಿದ್ದರು. ಮುಂದಿನ ಭಾನುವಾರ ಗೃಹಪ್ರವೇಶ. ಅವ್ವನಿಗೆ ನೆರವಾಗಲು ಅವಳು ಮುಂಚೆಯೇ ಹೊರಟಿದ್ದಳು.

"ಮತ್ತೆ ಸೊಪ್ಪು ಎಲ್ಲಿಂದ ಬರುತ್ತೆ?"

"ತಾರಸಿಯಿಂದ! ಮರದ ಪೆಟ್ಟಿಗೆ ಮಾಡಿ, ಮಣ್ಣು ತುಂಬಿ, ದಂಟು, ಮೆಂತ್ಯ, ಕೊತ್ತಂಬರಿ ಬೆಳೀತೀನಿ!"

"ಪೆಟ್ಟಿಗೆ ಯಾರು ಮಾಡ್ತಾರೆ?"

"ನಾನೇ ಕಣೇ!"

ರೂಪಶ್ರೀ ಕಿಟಕಿಯ ಸರಳಿಗೆ ನೇತಾಡುತ್ತಿದ್ದ ಕ್ಯಾಲೆಂಡರಿನತ್ತ ನೋಡಿದಳು. ಅದಕ್ಕೆಂದು ನಾನು ಗೋಡೆಗೆ ಹೊಡೆದ ಮೊಳೆ ಒಳಗಿನ ವೈರಿಗೆ ತಗುಲಿ ಇಡೀ ಬೀದಿಗೆ ಕರೆಂಟು ಹೋಗಿತ್ತು. ಅಂದಿನಿಂದ ಕ್ಯಾಲೆಂಡರ್ ಅಲ್ಲೇ ಇದೆ.

"ರೀ, ಹಳೇ ಬಕೆಟ್ಟಿಗೆ ಒಂದಿಷ್ಟು ಮೆಂತ್ಯ ಚೆಲ್ಲಿ. ಸಾಕು" ಎಂದು ಬಸ್ಸು ಹತ್ತಿದಳು.

ಬಕೆಟ್ಟು! ಹುಣಸೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಚೌಕ, ಆಯತ, ಘನಗಳನ್ನೆಲ್ಲ ಅರೆದು ಕುಡಿಸಿದ ಗಣಿತದ ಮೇಷ್ಟ್ರಿಗೆ ಬಕೆಟ್ಟು! ನನ್ನ ಸ್ವಾಭಿಮಾನ ಮೀಸೆ ತಿರುವಿಕೊಂಡು ಎದ್ದು ನಿಂತಿತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಅತ್ತೆ ಚಾಮುಂಡಮ್ಮನವರು ಹಳೆಯ ಕಾಲದವರು. ಅಳಿಯನ ಎದುರಿಗೆ ನಿಂತು ಮಾತಾಡುವವರಲ್ಲ. ಮದುವೆಯಾದಾಗಿನಿಂದ ನನ್ನ ಪಾಲಿಗೆ ಅವರು ಬಾಗಿಲ ಹಿಂದಿನ ಬೆಳ್ಳಿ ಬಳೆ ಸದ್ದು, ಒಂದು ದನಿ, ಅಷ್ಟೇ. "ರೂಪಾ, ಅಳಿಮಯ್ಯಾರ್ಗೆ ಇನ್ನೊಂದ್ ಮುದ್ದೆ ಇಕ್ಕವ್ವ, ನಾಚ್ಕತಾವ್ರೆ" ಎಂದು ಮಗಳ ಮೂಲಕವೇ ಎಲ್ಲ ವ್ಯವಹಾರ. ಆ ಬಾಗಿಲ ಹಿಂದಿನಿಂದ ಒಮ್ಮೆಯಾದರೂ "ನಮ್ ಅಳಿಮಯ್ಯಾರು ಸಾಮಾನ್ಯರಲ್ಲ ಕಣವ್ವ" ಎಂಬ ಮಾತು ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು.

ತಾರಸಿಗೆ ಹೋದೆ. ಮೂಲೆಯಲ್ಲಿ ಟಾರ್ಪಾಲು ಹೊದ್ದು ಏನೋ ಮಲಗಿತ್ತು. ಎತ್ತಿ ನೋಡಿದರೆ, ಆಹಾ! ಹಲಸಿನ ಹಲಗೆಗಳು! ಆಳುದ್ದ, ಮೊಳದಗಲ, ಬೆಲ್ಲದಂಥ ಹಳದಿ ಬಣ್ಣ. ಅಡುಗೆಮನೆಯ ಕಪಾಟು ಮಾಡಿಸಿದಾಗ ಉಳಿದ ಮರವಿರಬೇಕು ಎಂದುಕೊಂಡೆ. ನಮ್ಮ ಕಪಾಟು ತಗಡಿನದು ಎಂಬುದು ಆ ಸಂಭ್ರಮದಲ್ಲಿ ನೆನಪಾಗಲಿಲ್ಲ. ಹಲಗೆಗಳಿಗೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಸಾಮಿಲ್ಲಿನವರ ಆಯುಧಪೂಜೆಯ ಗುರುತು ಎಂದುಕೊಂಡು ಉಪ್ಪುಕಾಗದದಿಂದ ಚೆನ್ನಾಗಿ ತಿಕ್ಕಿ ತೆಗೆದೆ.

ಗರಗಸಕ್ಕಾಗಿ ಪಕ್ಕದ ಮನೆಯ ಲತೀಫನನ್ನು ಕೇಳಿದೆ. ಅವನದು ಬಜಾರಿನಲ್ಲಿ ಪಾತ್ರೆ ಅಂಗಡಿ. ಗರಗಸ ಕೊಡುತ್ತಾ ಹಲಗೆಗಳನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟ.

"ಸಾರ್, ಇಂಥ ಮರ ಕುಯ್ದು ಸೊಪ್ಪಾಕ್ತೀರಾ? ಯಾರ್ದು ಇದು?"

"ನಮ್ಮದೇ ಕಣಯ್ಯ! ನಮ್ಮ ತಾರಸಿ ಮೇಲಿದೆ ಅಂದ್ಮೇಲೆ ಇನ್ಯಾರದ್ದು?"

"ಒಂದ್ ಕಿತಾ ಭಾಭಿನ ಕೇಳ್ಬುಡಿ ಸಾರ್."

"ಲತೀಫ್! ನನ್ನ ಮನೆಯ ಮರಕ್ಕೆ ನಾನು ಪರ್ಮಿಷನ್ ತಗೋಬೇಕಾ?"

ಕೆಲಸ ಶುರುವಾಯಿತು. ಮೊದಲ ಹಲಗೆ ಕೊಂಚ ಗಿಡ್ಡವಾಯಿತು. ಅದಕ್ಕೆ ಸರಿಹೊಂದಲೆಂದು ಎರಡನೆಯದನ್ನು ಕುಯ್ದರೆ ಅದು ಇನ್ನೂ ಗಿಡ್ಡ! ಎರಡನೆಯದಕ್ಕೆ ಮೂರನೆಯದು, ಮೂರನೆಯದಕ್ಕೆ ಮತ್ತೆ ಮೊದಲನೆಯದು. ಹೀಗೆ ನ್ಯಾಯ ಸಮನಾಗಿ ಹಂಚುತ್ತಾ ಹೋಗಿ, ತೊಟ್ಟಿಯಾಗಬೇಕಿದ್ದದ್ದು ಕೊನೆಗೆ ಕೂಸಿನ ತೊಟ್ಟಿಲಿನಷ್ಟಾಯಿತು. ಅಂಗೈ ತುಂಬ ಬೊಕ್ಕೆ. ನೀರು ಬಸಿಯಲೆಂದು ಡ್ರಿಲ್ಲು ಹಿಡಿದವನು ಉತ್ಸಾಹದಲ್ಲಿ ತಳವನ್ನು ಇಡ್ಲಿ ತಟ್ಟೆಯನ್ನಾಗಿ ಮಾಡಿಬಿಟ್ಟೆ. ಆದರೂ ಪೆಟ್ಟಿಗೆ ನಿಂತಿತು! ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಬೀಜ ಚೆಲ್ಲಿ, ಪಕ್ಕದಲ್ಲಿ ಗರಗಸ ಹಿಡಿದು ನಿಂತು ಫೋಟೋ ತೆಗೆದುಕೊಂಡೆ. "ಅಳಿಯನ ಕೈಚಳಕ!" ಎಂದು ಬರೆದು ಹೆಂಡತಿಯ ತವರಿನ ವಾಟ್ಸಾಪ್ ಗುಂಪಿಗೇ ಹಾಕಿದೆ.

ಶಭಾಷ್‌ಗಿರಿಗಾಗಿ ಕಾದೆ. ಗುಂಪಿನವರೆಲ್ಲ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಬಾಯಿಮಾತೇ ಹೊರಡದಷ್ಟು ಮೆಚ್ಚಿದ್ದಾರೆ ಎಂದುಕೊಂಡೆ. ಆಗ ಬಾಮೈದ ಕಾಂತರಾಜುವಿನ ಫೋನ್ ಬಂತು.

"ಭಾವ, ಆ ಅಲ್ಗೆ ಎಲ್ಲಿದ್ದೋ?"

"ನಮ್ಮ ತಾರಸಿ ಮೇಲೇ ಕಣೋ! ಟಾರ್ಪಾಲಿನ ಕೆಳಗೆ ಸುಮ್ನೆ ಬಿದ್ದಿತ್ತು."

"ಸುಮ್ಕೆ ಬಿದ್ದಿಲ್ಲ ಕಣ್ ಭಾವ! ಒಣಗ್ಲಿ ಅಂತ ನಾನೇ ಮಡಗಿದ್ದೆ. ಅದು ಒಸಮನೆ ತಲಬಾಗ್ಲು! ಅಪ್ಪ ನೆಟ್ಟಿದ್ ಅಲಸಿನ ಮರದ್ದು. ನಾಳೀಕೆ ಆಚಾರಿ ಬತ್ತಾವ್ನೆ!"

ಅತ್ತ ಫೋನು ರೂಪಶ್ರೀಯ ಕೈಗೆ ಹೋಯಿತು.

"ಕಾಂತ ಹಲಗೆ ಇಟ್ಟು ಹೋದ ದಿನಾನೇ ಹೇಳಿದ್ದೆ! ಫೋನ್ ನೋಡ್ಕೊಂಡು 'ಹೂಂ' ಅಂದಿದ್ರಿ!"

"ನಾನು ಎಲ್ಲದಕ್ಕೂ ಹೂಂ ಅಂತೀನಲ್ಲೇ..."

"ಅದಕ್ಕೇ ಬಕೆಟ್ಟು ಅಂದಿದ್ದು!"

ಮಣ್ಣು ಸುರಿದು, ಮೊಳೆ ಕಿತ್ತು, ಹಲಗೆಗಳನ್ನು ಆಟೋದಲ್ಲಿ ಹೇರಿಕೊಂಡು ಮರುದಿನ ಬೆಳಿಗ್ಗೆಯೇ ಕಟ್ಟೆಮಳಲವಾಡಿಗೆ ಓಡಿದೆ. ಆಚಾರಿ ತುಂಡುಗಳನ್ನು ತಿರುಗಿಸಿ ನೋಡಿ, ತೂತುಗಳಲ್ಲಿ ಕಣ್ಣಿಟ್ಟು ನನ್ನನ್ನೂ ನೋಡಿ, ಮತ್ತೆ ಕೆಳಗಿಟ್ಟ. ಬೇರೆ ಮರ ತಂದು ಕದ ಮಾಡಲು ಭಾನುವಾರದೊಳಗೆ ಆಗುವುದಿಲ್ಲ ಎಂದ. ಅತ್ತೆ ಹಳೆಯ ಮನೆಯ ಬಾಗಿಲ ಹಿಂದೆಯೇ ಇದ್ದರು. ಈ ಸಲ ಅಲ್ಲಿಂದ ಬಳೆ ಸದ್ದೂ ಬರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗೃಹಪ್ರವೇಶದ ದಿನ ಹೊಸ ಮನೆಯ ತಲೆಬಾಗಿಲಲ್ಲಿ ಹೂವಿನ ಚಿತ್ತಾರದ ಬೆಡ್‌ಶೀಟೊಂದು ಗಾಳಿಗೆ ಪಟಪಟ ಅನ್ನುತ್ತಿತ್ತು. ಹಸು ಒಳಗೆ ಹೋಗುವಾಗ ಅದರ ಒಂದು ಮೂಲೆಯನ್ನು ಮೇಯ್ದುಕೊಂಡೇ ಹೋಯಿತು. ಬಂದ ನೆಂಟರ ಬಾಯಲ್ಲೆಲ್ಲ ಒಂದೇ ಪ್ರಶ್ನೆ.

"ಬಾಗ್ಲೆಲ್ಲಿ ಕಾಂತ?"

"ನಮ್ ಭಾವ ಅದ್ರಲ್ಲಿ ಸೊಪ್ಪಾಕವ್ರೆ!"

ಗಾವಡಗೆರೆಯಿಂದ ಬಂದ ರೂಪಶ್ರೀಯ ದೊಡ್ಡಮ್ಮ ಚಿಕ್ಕಬೀರಮ್ಮನವರು ನನ್ನ ಗಲ್ಲ ಹಿಡಿದು, "ಕಿಟ್ಕಿಗ್ ಏನಾಕ್ತೀಯಪ್ಪ, ಮೂಲಂಗಿಯಾ?" ಎಂದು ಕೇಳಿದರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಡುಗೆಯ ಪೆಂಡಾಲಿನ ಹಿಂದೆ ಹೋಗಿ, ಕಾಯಿ ಸುಲಿಯುವ ನೆಪದಲ್ಲಿ ಅಡಗಿ ಕುಳಿತೆ.

ಅಲ್ಲಿಗೇ ಬಂದರು ಅತ್ತೆ. ಸೆರಗು ಸರಿಮಾಡಿಕೊಂಡು ನೇರ ನನ್ನೆದುರು ನಿಂತರು. ಇಷ್ಟು ವರ್ಷಕ್ಕೆ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದೆ. ಥೇಟ್ ರೂಪಶ್ರೀಯ ಕಣ್ಣುಗಳು. ಕೈಯಲ್ಲಿದ್ದ ತೆಂಗಿನಕಾಯಿ ಕೆಳಗಿಟ್ಟು ಎದ್ದು ನಿಂತೆ.

"ಅಳಿಮಯ್ಯಾರೆ, ಇಷ್ಟ್ ವರ್ಸ ಬಾಗ್ಲ ಇಂದೆ ನಿಂತ್ಕಂಡೇ ಮಾತಾಡ್ತಿದ್ದೆ. ಈಗ ಬಾಗ್ಲೇ ಇಲ್ವಲ್ಲ, ಅದ್ಕೇ ಎದ್ರಿಗ್ ಬಂದೆ."

"ತಪ್ಪಾಯ್ತು ಅತ್ತೆ..."

"ಅವ್ರು ನೆಟ್ಟಿದ್ ಮರ ಅದು. ಅದ್ರ ಬಾಗ್ಲು ತಗ್ದು ಒಳೀಕ್ ಓಗ್ಬೇಕು ಅಂತ ಆಸೆ ಇತ್ತು. ಓಗ್ಲಿ ಬುಡಿ."

ಆ "ಓಗ್ಲಿ ಬುಡಿ" ಎದೆಗೇ ನಾಟಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸತ್ತುಹೋದ ಮಾವನವರನ್ನೇ ತುಂಡುತುಂಡು ಮಾಡಿ ಮೊಳೆ ಹೊಡೆದವನಂತೆ ತಲೆ ತಗ್ಗಿಸಿ ನಿಂತೆ. ಅತ್ತೆ ಹೊರಟವರು ಮತ್ತೆ ತಿರುಗಿದರು.

"ಇನ್ನೊಂದ್ ಮಾತು. ಇವತ್ತು ಒಸಮನೇಲೇ ಎಲ್ರೂ ಮನಿಕಬೇಕು, ಅದು ಶಾಸ್ತ್ರ. ಬಾಗ್ಲಿಲ್ದಿದ್ ಮನೇಲಿ ಎಣ್ಮಕ್ಳು ಎಂಗ್ ಮನಿಕತಾರೆ? ನೀವು ಒಸ್ಲತ್ರ ಮನಿಕಳಿ. ಆಚಾರಿ ಮಾಡ್ಕೊಡೋಗಂಟ ನೀವೇ ಬಾಗ್ಲು!"

ಅಂದು ಹೊಸ್ತಿಲಿಗಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿದೆ. ತಲೆ ಚೌಕಟ್ಟಿನ ಒಂದು ಬದಿಗೆ, ಮಡಚಿದ ಕಾಲು ಇನ್ನೊಂದಕ್ಕೆ. ಅಳತೆ ಮಾತ್ರ ಈ ಸಲ ಸರಿಯಾಗಿತ್ತು.

ಬೆಳಗಾಯಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ರೂಪಶ್ರೀ ಬಕೆಟ್ಟು ಹಿಡಿದು ಬಂದು ನನ್ನ ತಲೆಯ ಬಳಿ ನಿಂತಳು. ನಾನು ಕಣ್ಣು ಬಿಡುವ ಧೈರ್ಯ ಮಾಡಲಿಲ್ಲ.

"ಅವ್ವಾ, ಬಾಗ್ಲು ಇನ್ನೂ ಎದ್ದಿಲ್ಲ!" ಎಂದು ಕೂಗಿದಳು.

ಒಳಗಿನಿಂದ ಬಳೆ ಸದ್ದಾಯಿತು. ಹಿಂದೆಯೇ ಅತ್ತೆಯ ದನಿ ಬಂತು:

"ಮೆಲ್ಲುಕ್ ತಗಿಯವ್ವ. ರಾತ್ರಿಯೆಲ್ಲ ಗರ್‌ಗರ್ ಅಂತಿತ್ತು, ಒಸಿ ಎಣ್ಣೆ ಬುಡು!"