ಕುರಿದೊಡ್ಡಿಯಲ್ಲಿ ಹಡಗಿನ ಪಾಠ

ತುಕ್ಕಾನಟ್ಟಿಯಲ್ಲಿ ಕುರಿ ಸಾಕುವ ನನ್ನ ಸೋದರಮಾವ ಸಮುದ್ರ ಕಂಡವರಲ್ಲ. ಅವರು ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ಘಟಪ್ರಭಾ ಹೊಳೆ. ಆದರೂ ಹಡಗಿನ ಕೆಲಸಗಾರರ ಆನ್‌ಲೈನ್ ಪಾಠವನ್ನು ತಿದ್ದಿದವರು ಅವರೇ ಎಂದರೆ ನಂಬುತ್ತೀರಾ? ಎದುರಿಗೆ ಇರದಿದ್ದರೆ ನಾನೂ ನಂಬುತ್ತಿರಲಿಲ್ಲ!

ಅವರ ಮಗ ಬೀರೇಶ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದವನು ಮೊಬೈಲಿನಲ್ಲೇ ಸುರಕ್ಷತೆಯ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕಿತ್ತು. ಇಲ್ಲದಿದ್ದರೆ ಮತ್ತೆ ಹಡಗು ಹತ್ತುವಂತಿಲ್ಲ. ಒಮ್ಮೆ ಫೇಲಾಗಿದ್ದ, ಉಳಿದದ್ದು ಒಂದೇ ಅವಕಾಶ. ಮೂಡಲಗಿಯಲ್ಲಿ ಕಂಪ್ಯೂಟರ್ ಕಲಿಸುವ ತಪ್ಪಿಗೆ ನನಗೆ ಕರೆ ಬಂತು.

ಹೋಗಿ ನೋಡಿದರೆ ಬೀರೇಶ ಬೇವಿನ ಮರದ ಕೆಳಗೆ ಮಲಗಿ 'ಮುಂದೆ' ಎಂಬ ಗುಂಡಿಯನ್ನು ಒತ್ತುತ್ತಲೇ ಇದ್ದ. ಮೊಬೈಲಿನೊಳಗಿನ ಮಾಸ್ತರರು ಇಂಗ್ಲಿಷಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಪಾಠವೇ ಮುಗಿದಿರುತ್ತಿತ್ತು!

"ಮೇಯಲಾರದ ಬರೇ ಮುಂದ ಮುಂದ ಓಡೋ ಕುರಿ ಮೈ ಹಿಡೀತೈತೇನೋ?" ಎಂದು ಮಾವ ಮೊಬೈಲ್ ಕಸಿದುಕೊಂಡರು. "ಇನ್ನ ಗುಂಡಿ ನನ್ನ ಕೈಯಾಗ. ಕಲ್ತದ್ದನ್ನ ನನಗ ಕನ್ನಡದಾಗ ಹೇಳು. ನನಗ ತಿಳದ್ರ ಒತ್ತತೇನಿ."

"ಅಪ್ಪಾ, ಪಾಸಾದ್ರ ಸಾಕಲ್ಲ!"

"ಪಾಸಾಗಾಕ ಅಲ್ಲೋ ಹುಚ್ಚಾ, ಜೀವಂತ ಬರಾಕ ಕಲಿ."

ಲೈಫ್ ಜಾಕೆಟ್ ಪಾಠ ಬಂದ ದಿನ ಮಾವ ಅಟ್ಟದಿಂದ ಒಣ ಸೋರೆಬುರುಡೆಗಳನ್ನು ಇಳಿಸಿದರು. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವುದು ಅವನ್ನೇ ಬೆನ್ನಿಗೆ ಕಟ್ಟಿ ತಾನೇ? ಮೂವತ್ತು ದಾಟಿದ ಬೀರೇಶನ ಬೆನ್ನಿಗೂ ಕಟ್ಟಿ, ಪ್ಯಾಂಟು ಅಂಗಿ ಸಮೇತ ಬಾವಿಗೆ ಇಳಿಸಿದರು. ನನ್ನ ಕೈಗೆ ಸೀಟಿ ಕೊಟ್ಟು ಕ್ಯಾಪ್ಟನ್ ಮಾಡಿದರು. ನಾನು ಜೋರಾಗಿ ಊದಿದೆ ನೋಡಿ, ಬೆದರಿದ ಕುರಿಗಳೆಲ್ಲ ಪಕ್ಕದ ಕಬ್ಬಿನ ಗದ್ದೆಗೆ ನುಗ್ಗಿದವು! ಮಾವ ಅವುಗಳ ಹಿಂದೆ ಓಡಿದರು. ಅವರು ಬರುವವರೆಗೆ ಬೀರೇಶ ನೀರಲ್ಲೇ ತೇಲುತ್ತಿದ್ದ, ಮೇಲೆ ಬರಲು ಅಪ್ಪಣೆಯಾಗಿರಲಿಲ್ಲ.

ಕೊನೆಯ ಪಾಠ, ಅಪಾಯದ ಗಂಟೆ ಬಾರಿಸಿದಾಗ ಎಲ್ಲರೂ ಒಂದೆಡೆ ಸೇರುವುದು. ತಲೆ ಎಣಿಸಿ ಎಂದರು ಮೊಬೈಲಿನ ಮಾಸ್ತರರು. ಮಾವ ಸಿಡಿದೆದ್ದರು. ಅವರು ಕುರಿಗಳನ್ನು ಎಂದೂ ಎಣಿಸಿದವರಲ್ಲ. ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಅವರದು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿಯೇ ಒಳಗೆ ಬಿಡುತ್ತಾರೆ.

"ಲೆಕ್ಕ ಏನ್ ತಿಳಸ್ತೈತಿ? ನಮ್ಮದೊಂದ ಹೋಗಿ ಮಂದೀದೊಂದ ಬಂದ್ರೂ ಲೆಕ್ಕ ಅಷ್ಟ! ಮಾರಿ ನೋಡಬೇಕೋ. ಬಲಕ್ಕ ಯಾರ್ ಇರ್ತಾರ, ಎಡಕ್ಕ ಯಾರ್ ಇರ್ತಾರ, ಗುರ್ತ ಇಟಗೋ."

ಬೀರೇಶ ಪಾಸಾದ. ಕೊನೆಯಲ್ಲಿ 'ನಿಮ್ಮ ಸಲಹೆ ಬರೆಯಿರಿ' ಎಂಬ ಚೌಕ ಬಂತು. ಯಾರಾದರೂ ಅದನ್ನು ತುಂಬುತ್ತಾರೆಯೇ? ಮಾವ ಬಿಡಲಿಲ್ಲ. ಅವರು ಹೇಳಿದರು, ಅವರ ಹೆಸರು, ನನ್ನ ಇಮೇಲ್ ಹಾಕಿ ನಾನು ಇಂಗ್ಲಿಷಿಗೆ ತಿರುಗಿಸಿದೆ: ಕಲಿತವನು ತನ್ನ ಮಾತಿನಲ್ಲಿ ಒಬ್ಬರಿಗೆ ಪಾಠ ಹೇಳುವವರೆಗೆ ಗುಂಡಿ ಒತ್ತಗೊಡಬೇಡಿ, ತಲೆ ಎಣಿಸಬೇಡಿ, ಮುಖ ನೋಡಿ, ನಿಮ್ಮ ಮಾಸ್ತರರು ಬಹಳ ಸೊರಗಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಹಾಕಿ.

ತಿಂಗಳ ಮೇಲೆ ಪಾಠ ನಡೆಸುವವರಿಂದ ಉತ್ತರ ಬಂತು. ಇನ್ನು ಮುಂದೆ ಪ್ರತಿ ಪಾಠವನ್ನೂ ಕಲಿತವರು ತಮ್ಮ ಭಾಷೆಯಲ್ಲಿ ಹೇಳಿ ಧ್ವನಿಮುದ್ರಿಸಬೇಕಂತೆ. ಜೊತೆಗೆ ಒಂದು ಪ್ರಶ್ನೆ: ಈ ಸಲಹೆ ಕೊಟ್ಟ ಹಿರಿಯ ನಾವಿಕರು ಯಾವ ಹಡಗಿನವರು?

"ತುಕ್ಕಾನಟ್ಟಿ ಹಡಗ ಅಂತ ಬರಿ ಅಳಿಯಾ! ಇನ್ನೂತನಾ ಮುಳುಗಿಲ್ಲ ಅಂತಾನೂ ಬರಿ," ಎಂದು ಮಾವ ಹೊಟ್ಟೆ ಹಿಡಿದು ನಕ್ಕರು.

ಬೀರೇಶ ಆಗಲೇ ಹಡಗು ಹತ್ತಿ ಹೋಗಿದ್ದ. ಆ ಸಂಜೆ ಕುರಿಗಳು ಒಂದೊಂದಾಗಿ ದೊಡ್ಡಿಗೆ ಬಂದವು. ಮಾವ ಮುಖ ನೋಡಿ ನೋಡಿ ಒಳಗೆ ಬಿಟ್ಟರು, ಬಾಗಿಲು ಮಾತ್ರ ಹಾಕಲಿಲ್ಲ.

"ಎಲ್ಲಾ ಬಂದುವಲ್ರಿ ಮಾಮಾ?"

"ಒಂದು ಬಂದಿಲ್ಲ."

ನನ್ನ ಸೀಟಿಯ ಪ್ರತಾಪ ನೆನಪಾಗಿ ಗಾಬರಿಯಿಂದ ಕಬ್ಬಿನ ಗದ್ದೆಯತ್ತ ತಿರುಗಿದೆ. "ಯಾವ್ದ್ರಿ?"

ಮಾವ ಅಂಗಿಯ ಜೇಬಿನಿಂದ ಮೊಬೈಲ್ ತೆಗೆದರು. ಪರದೆಯ ಮೇಲೆ ಲೈಫ್ ಜಾಕೆಟ್ ತೊಟ್ಟ ಬೀರೇಶ ನಗುತ್ತಿದ್ದ. ಆ ಮುಖವನ್ನೂ ಉಳಿದವುಗಳಂತೆಯೇ ಗಮನವಿಟ್ಟು ನೋಡಿದರು.

"ಇದು ಇನ್ನೂ ನೀರಾಗ ಐತಿ," ಎಂದರು.

ಮಗ ಹೋದಾಗಿನಿಂದ ದಿನವೂ ಹೀಗೆಯೇ ಎಂದು ಅತ್ತೆ ಆಮೇಲೆ ಹೇಳಿದರು. ಕುರಿಗಳೆಲ್ಲ ಒಳಗೆ ಬಂದ ಮೇಲೂ ಮಾವ ಒಂದು ಗಳಿಗೆ ಬಾಗಿಲು ತೆರೆದೇ ಇಡುತ್ತಾರಂತೆ.